ಮೀಟಿಯರ್‌ಗೆ ಸ್ಲಿಪ್-ಆನ್: ಡಿಬಿ ಕಿಲ್ಲರ್ ಇದ್ರೆ ಕೇಸ್ ಬೀಳಲ್ವಾ?

ಯಲಹಂಕ_ರೈಡರ್:
ಎಲ್ರಿಗೂ ನಮಸ್ಕಾರ. ಬೈಕ್ ಮೀಟಿಯರ್ 350, 2023ರ ಮಾಡೆಲ್. ಸ್ಲಿಪ್-ಆನ್ (ಕಂಪನಿ ಸೈಲೆನ್ಸರ್ ಬದಲು ಹಾಕೋ ಹೊರಗಿನ ಸೈಲೆನ್ಸರ್) ಹಾಕಿಸೋಣ ಅಂತ ಜೆಸಿ ರೋಡ್‌ನಲ್ಲಿ ವಿಚಾರಿಸಿದ್ರೆ, "ಡಿಬಿ ಕಿಲ್ಲರ್ (ಶಬ್ದ ತಗ್ಗಿಸೋಕೆ ಸೈಲೆನ್ಸರ್ ಬಾಯಲ್ಲಿ ಕೂರಿಸೋ ತುಂಡು) ಇದೆ, ಇ-ಮಾರ್ಕ್ ಇದೆ, ಯಾರೂ ಹಿಡಿಯಲ್ಲ" ಅಂತಾರೆ. ನಿಜಾನಾ? ಹಾಕೋದಾದ್ರೆ ಏನೇನು ನೋಡ್ಕೋಬೇಕು?

ಗೇರ್_ಶಿಫ್ಟ್:
ಡಿಬಿ ಕಿಲ್ಲರ್ ಇದ್ದ ಮಾತ್ರಕ್ಕೆ ಲೀಗಲ್ ಆಗಲ್ಲ ಗುರು. ಇ-ಮಾರ್ಕ್ ಯುರೋಪಿನ ಗುರುತು, ಇಲ್ಲಿನ ಅನುಮೋದನೆಗೆ ಬದಲಿ ಅಲ್ಲ. ನಿಮ್ಮ ಬೈಕಿಗೆ ಟೈಪ್ ಅಪ್ರೂವಲ್ (ಮಾರಾಟಕ್ಕೆ ಮುಂಚೆ ಮಾಡೆಲ್‌ಗೆ ಸಿಗೋ ಅಧಿಕೃತ ಅನುಮೋದನೆ) ಸಿಕ್ಕಿರೋದು ಕಂಪನಿ ಸೈಲೆನ್ಸರ್ ಸಮೇತ. 175 ಸಿಸಿ ಮೇಲಿನ ಬೈಕಿಗೆ ಮಿತಿ 80 ಡೆಸಿಬಲ್. ಅದನ್ನ ಅಳೆಯೋದು ಬೈಕ್ ಹಾದುಹೋಗುವಾಗ 7.5 ಮೀಟರ್ ದೂರ ಇಟ್ಟ ಮೈಕ್‌ನಿಂದ. ಸೈಲೆನ್ಸರ್ ಬಾಯಿಗೆ ಮೊಬೈಲ್ ಹಿಡಿದು ತೋರಿಸೋ ನಂಬರ್‌ಗೆ ಬೆಲೆ ಇಲ್ಲ.

ಶಬ್ದ, ಹೊಗೆ ಮಿತಿ ಮೀರಿದ್ರೆ ಮೋಟಾರು ವಾಹನ ಕಾಯ್ದೆಯ 190(2): ಮೊದಲ ಸಲಕ್ಕೇ ₹10,000ದವರೆಗೆ ದಂಡ ಇಲ್ಲವೇ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಡಿಎಲ್ ಅನರ್ಹ. ಎಮಿಷನ್ ಟೆಸ್ಟ್ ಪಾಸ್ ಆಗಿದೆ ಅಂತ ಚೀಟಿ ತೋರಿಸಿದ್ರೆ ಪ್ರಯೋಜನ ಇಲ್ಲ, ಅಲ್ಲಿ ಹೊಗೆ ಮಾತ್ರ ನೋಡ್ತಾರೆ, ಶಬ್ದ ಅಳೆಯಲ್ಲ.

ಸ್ಪ್ಯಾನರ್_14:
ಕಾನೂನು ಮೇಲೆ ಹೇಳಿದ್ದಾರೆ, ನಾನು ಫಿಟ್ಟಿಂಗ್ ಹೇಳ್ತೀನಿ. ಮೊದಲು ಕ್ಯಾಟ್‌ಕಾನ್ (ಹೊಗೆಯ ವಿಷಾನಿಲ ತಗ್ಗಿಸೋ ಕ್ಯಾಟಲಿಟಿಕ್ ಕನ್ವರ್ಟರ್) ಎಲ್ಲಿದೆ ನೋಡಿ: ಬೆಂಡ್ ಪೈಪ್‌ನಲ್ಲಾ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಬರೋ ಪೈಪ್), ಸೈಲೆನ್ಸರ್ ಒಳಗಾ? ಒಳಗಿದ್ರೆ ಸೈಲೆನ್ಸರ್ ಬದಲಾಯಿಸಿದ ತಕ್ಷಣ ಕ್ಯಾಟ್‌ಕಾನೂ ಹೋಯ್ತು, ಆಮೇಲೆ ಅದು ಬಿಎಸ್6 (ಹೊಗೆ ಮಾನದಂಡ) ಬೈಕೇ ಅಲ್ಲ. ಬೆಂಡ್ ಪೈಪ್ ಸಮೇತ ಬದಲಾಯಿಸೋ "ಫುಲ್ ಸಿಸ್ಟಮ್" ಹಾಕಿದ್ರೂ ಇದೇ ಕಥೆ. ಬೆಂಡ್ ಪೈಪ್ ಮುಟ್ಟಲೇಬೇಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಿ. ಎಲ್ಲ ಬೋಲ್ಟ್ ಮೊದಲು ಕೈಯಲ್ಲೇ ಸಡಿಲವಾಗಿ ಕೂರಿಸಿ, ಆಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬನ್ನಿ: ಕ್ಲ್ಯಾಂಪ್ ಮೊದಲು, ಹ್ಯಾಂಗರ್ ಬ್ರಾಕೆಟ್ ಕೊನೆಗೆ. ಬ್ರಾಕೆಟ್ ಮೊದಲೇ ಬಿಗಿ ಮಾಡಿದ್ರೆ ಪೈಪ್ ಎಳೆದುಕೊಂಡೇ ನಿಲ್ಲುತ್ತೆ. ಸಿಂಗಲ್ ಸಿಲಿಂಡರ್ ವೈಬ್ರೇಷನ್‌ಗೆ ವೆಲ್ಡಿಂಗ್ ಬಿರುಕು ಬಿಡೋದು ಅಲ್ಲೇ. ಸ್ಟಾರ್ಟ್ ಮಾಡೋ ಮುಂಚೆ ಕೈ ಗುರುತೆಲ್ಲ ಒರೆಸಿ; ಎಣ್ಣೆ ಜಿಡ್ಡು ಬಿಸಿಗೆ ಸುಟ್ಟು ಕಂದು ಕಲೆ ಉಳಿಯುತ್ತೆ. 100 ಕಿಮೀ ಓಡಿಸಿ ಬೋಲ್ಟ್‌ಗಳನ್ನ ಮತ್ತೆ ನೋಡಿ.

ಇನ್ನೊಂದು, ಗ್ಲಾಸ್ ವುಲ್ ಸೈಲೆನ್ಸರ್ ಹೊಸದರಲ್ಲಿ ಮೆತ್ತಗೇ ಇರುತ್ತೆ. ವುಲ್ ಸುಟ್ಟು ಉದುರಿದಂತೆ ಶಬ್ದ ಏರುತ್ತಾ ಹೋಗುತ್ತೆ. ಅಂಗಡಿಯಲ್ಲಿ ಕೇಳಿದ ಶಬ್ದ ವರ್ಷ ಕಳೆದ ಮೇಲೆ ಇರಲ್ಲ.

ಯಲಹಂಕ_ರೈಡರ್:
ಥ್ಯಾಂಕ್ಸ್ ಇಬ್ಬರಿಗೂ. ಹಾಗಾದ್ರೆ ಕಂಪನಿ ಸೈಲೆನ್ಸರೇ ಇರಲಿ. ಆದ್ರೆ ಥ್ರಾಟಲ್ ಬಿಟ್ಟಾಗ ಪಟಪಟ ಅಂತ ಹೊಡಿಯುತ್ತೆ, ಮೈಲೇಜೂ ಇಳಿದಿದೆ. ಸೈಲೆನ್ಸರ್ ಹೋಗಿದೆಯಾ?

ಸ್ಪ್ಯಾನರ್_14:
ಬಹುಶಃ ಜಾಯಿಂಟ್ ಲೀಕ್. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಗಾಳಿ ಒಳಗೆ ಎಳೆದ್ರೆ ಇಸಿಯು (ಇಂಜಿನ್ ಕಂಟ್ರೋಲ್ ಕಂಪ್ಯೂಟರ್) ಮಿಶ್ರಣ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ ಇದೆ ಅಂತ ತಿಳಿದು ಪೆಟ್ರೋಲ್ ಜಾಸ್ತಿ ಬಿಡುತ್ತೆ. ಬೆಳಿಗ್ಗೆ ಕೋಲ್ಡ್ ಸ್ಟಾರ್ಟ್ ಮಾಡಿ, ಪೈಪ್ ಬಿಸಿಯಾಗೋ ಮುಂಚೆ ಇಂಜಿನ್ ಪೋರ್ಟ್ ಹತ್ತಿರ, ಕ್ಲ್ಯಾಂಪ್ ಹತ್ತಿರ ಸೋಪ್ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಲೀಕ್. ಕಪ್ಪು ಮಸಿ ಗೆರೆ ಕಂಡ್ರೂ ಅಲ್ಲೇ. ಪೋರ್ಟ್‌ನಲ್ಲಿದ್ರೆ ಹೊಸ ಪ್ಯಾಕಿಂಗ್ ಹಾಕಿ, ಹಳೇದು ಒಮ್ಮೆ ಒತ್ತಿದ ಮೇಲೆ ಮತ್ತೆ ಸೀಲ್ ಆಗಲ್ಲ. ನಟ್‌ಗಳನ್ನ ಒಂದಾದ ಮೇಲೆ ಒಂದು ಅಂತ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿ ಮಾಡಿ, ಟಾರ್ಕ್ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಆಮೇಲೂ ಪಟಪಟ ನಿಲ್ಲದಿದ್ರೆ ಸೆನ್ಸರ್ ಕನೆಕ್ಟರ್ ಚೆಕ್ ಮಾಡಿಸಿ.