ಶೇಂಗಾ ಬಳ್ಳಿ ವಿಪರೀತ ಹಬ್ಬಿದರೆ ಬೆಳವಣಿಗೆ ನಿಯಂತ್ರಕ ಸಿಂಪಡಿಸಬೇಕೇ?

ಪ್ರಶ್ನೆ (ಗದಗ ತಾಲ್ಲೂಕು): ಮಸಾರಿ ಭೂಮಿಯಲ್ಲಿ ನೀರಾವರಿಯಿಂದ ಬೆಳೆದ ನಮ್ಮ ಜಿಪಿಬಿಡಿ-4 ತಳಿಯ ಶೇಂಗಾ ಸಾಲು ಕಾಣದಂತೆ ಹಬ್ಬಿದ್ದು, ಮೇಲಿನ ಗಣ್ಣುಗಳಿಂದ ಇಳಿದ ಕಾಯಿತೊಟ್ಟುಗಳು (ಮಣ್ಣೊಳಗೆ ಹೊಕ್ಕು ಕಾಯಿಯಾಗುವ ಎಳೆಗಳು) ಮಣ್ಣು ಮುಟ್ಟದೆ ತುದಿ ಕಪ್ಪಾಗಿ ಒಣಗುತ್ತಿವೆ. ಬೆಳವಣಿಗೆ ತಡೆಯುವ ಔಷಧ ಹೊಡೆದರೆ ಇಳುವರಿ ಹೆಚ್ಚುವುದೇ?

ಉತ್ತರ (ಧಾರವಾಡ): ಮಾನ್ಯರೇ, ಮೆಪಿಕ್ವಾಟ್ ಕ್ಲೋರೈಡ್, ಪ್ಯಾಕ್ಲೊಬ್ಯುಟ್ರಜಾಲ್‌ನಂಥ ಬೆಳವಣಿಗೆ ನಿಯಂತ್ರಕಗಳು ಗಿಡದೊಳಗೆ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಾಗುವುದನ್ನು ತಡೆಯುವುದರಿಂದ ಗಣ್ಣುಗಳ ನಡುವಿನ ಅಂತರ ಕುಗ್ಗಿ ಬಳ್ಳಿ ಗಿಡ್ಡಾಗುತ್ತದೆಯೇ ಹೊರತು, ಕಾಯಿ ಹೆಚ್ಚುವ ಖಾತ್ರಿಯಿಲ್ಲ. ಅಮೆರಿಕದಲ್ಲಿ ಅಕ್ಕಪಕ್ಕದ ಸಾಲುಗಳ ಅರ್ಧದಷ್ಟು ಬಳ್ಳಿಗಳು ಪರಸ್ಪರ ತಾಗಿದಾಗ ಪ್ರೊಹೆಕ್ಸಾಡಿಯೋನ್ ಕ್ಯಾಲ್ಸಿಯಂ ಎಂಬ ಇಂಥದೇ ನಿಯಂತ್ರಕ ಸಿಂಪಡಿಸುತ್ತಾರೆ. ಯಂತ್ರದಿಂದ ಕೀಳುವಾಗ ಸಾಲು ಸ್ಪಷ್ಟವಾಗಿ ಕಾಣುವುದು ಅಲ್ಲಿನ ಮುಖ್ಯ ಲಾಭ. ಆಳು ಹಚ್ಚಿ ಕೀಳಿಸುವ ನಮ್ಮ ಲೆಕ್ಕವೇ ಬೇರೆ.

ಉತ್ತರ (ಹಾವೇರಿ): ಸಾಲು ಪೂರ್ತಿ ಮುಚ್ಚಿದ ಮೇಲೆ ಹೊಡೆದರೆ ಖರ್ಚು ಮಾತ್ರ ಉಳಿದೀತು, ತೇವ ಕಡಿಮೆಯಿದ್ದರಂತೂ ಬೇಡವೇ ಬೇಡ. ಪ್ಯಾಕ್ಲೊಬ್ಯುಟ್ರಜಾಲ್ ಮಣ್ಣಿನಲ್ಲಿ ಬಹುಕಾಲ ಉಳಿಯುವುದರಿಂದ ಮುಂದಿನ ಬೆಳೆಯೂ ಕುಗ್ಗಬಹುದು. ಡಬ್ಬಿಯ ಮೇಲೆ ಶೇಂಗಾದ ಹೆಸರಿಲ್ಲದ ಔಷಧವನ್ನು ಅಂಗಡಿಯವರ ಮಾತು ಕೇಳಿ ತರಬೇಡಿ. ಸದ್ಯ ಯೂರಿಯಾ ನಿಲ್ಲಿಸಿ, ನೀರಿನ ಅಂತರ ಹೆಚ್ಚಿಸಿ. ಹೆಕ್ಟೇರಿಗೆ 500 ಕಿಲೊ ಜಿಪ್ಸಂ ಹೂವಾಡುವಾಗಲೇ ಬುಡಕ್ಕೆ ಬಿದ್ದಿದೆಯೇ? ಜಿಪ್ಸಂನಲ್ಲಿರುವ ಸುಣ್ಣದಂಶವನ್ನು (ಕ್ಯಾಲ್ಸಿಯಂ) ಕಾಯಿ ನೇರವಾಗಿ ಮಣ್ಣಿನಿಂದಲೇ ಹೀರುತ್ತದೆ.

ಪ್ರಶ್ನೆ ಕೇಳಿದವರು: ಜಿಪ್ಸಂ ಹಾಕಿದ್ದೇವೆ. ದನಗಳಿಗೆ ಮೇವಾಗಿ ಬಳ್ಳಿಯ ಹೊಟ್ಟೂ ಬೇಕಾಗಿರುವುದರಿಂದ ಈ ಸಲ ಸಿಂಪಡಣೆ ಕೈಬಿಡುತ್ತೇವೆ.