ಟೆಕ್ಸಸ್‌ನಿಂದ ಮೆಕ್ಸಿಕೊಗೆ ಅನಿಲ ಕೊಳವೆ ಮಾರ್ಗ: ಅನುಮತಿಗಾಗಿ ಯಾರ ಬಾಗಿಲು ತಟ್ಟಬೇಕು?

ಹ್ಯೂಸ್ಟನ್‌ವಾಸಿ:

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಕೊಳವೆಗಳ ಬೆಸುಗೆ, ತುಕ್ಕು, ಒತ್ತಡ ಪರೀಕ್ಷೆಗಳ ನಡುವೆಯೇ ಕಳೆದ ಎಂಜಿನಿಯರ್ ನಾನು. ಈ ವರ್ಷ ನನ್ನನ್ನು ಅನುಮತಿಗಳ ವಿಭಾಗಕ್ಕೆ ಹಾಕಿದ್ದಾರೆ. ಪಶ್ಚಿಮ ಟೆಕ್ಸಸ್‌ನ ವಾಹಾ ಕೇಂದ್ರದಲ್ಲಿ ಅನಿಲ ಎಷ್ಟು ಹೆಚ್ಚಾಗಿದೆಯೆಂದರೆ, 2024ರಲ್ಲಿ ಹಲವು ದಿನ ಅದರ ಬೆಲೆ ಸೊನ್ನೆಗಿಂತ ಕೆಳಗಿಳಿದು, ಮಾರುವವನೇ ಕೊಳ್ಳುವವನಿಗೆ ಹಣ ಕೊಡಬೇಕಾಯಿತು. ಆ ಅನಿಲವನ್ನು ಗಡಿಯ ರಿಯೊ ಗ್ರಾಂಡೆ ನದಿ ದಾಟಿಸಿ ಮೆಕ್ಸಿಕೊಗೆ ಒಯ್ಯುವ ಒಂದು ಮಾರ್ಗದ ಪ್ರಾಥಮಿಕ ಅಧ್ಯಯನ ಈಗ ನನ್ನ ಮೇಜಿನ ಮೇಲಿದೆ.

ಕಡತಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಂದು ಕಡೆ ಇಂಧನ ಇಲಾಖೆಯ ಅನುಮತಿ ಎನ್ನುತ್ತಾರೆ, ಇನ್ನೊಂದು ಕಡೆ ಫರ್ಕ್ ಎಂದು ಎಲ್ಲರೂ ಕರೆಯುವ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ನಿನ ಆದೇಶ ಬೇಕೆನ್ನುತ್ತಾರೆ, ಇವೆರಡರ ಮೇಲೆ 'ಅಧ್ಯಕ್ಷೀಯ ಪರವಾನಗಿ' ಎಂಬುದೂ ಇದೆ. ಒಂದೇ ಕೊಳವೆಗೆ ಇಷ್ಟು ಅನುಮತಿಗಳು ಏಕೆ? ಅಧ್ಯಕ್ಷೀಯ ಪರವಾನಗಿಗೆ ಅಧ್ಯಕ್ಷರೇ ಸಹಿ ಹಾಕುತ್ತಾರೆಯೇ? ಮಾರ್ಗದ ಪೂರ್ತಿ ಉದ್ದಕ್ಕೂ ಅನುಮತಿ ಕೇಳಬೇಕೇ?

ಕಡತಪ್ರಿಯ:

ನಿಮ್ಮ ಗೊಂದಲಕ್ಕೆ ಕಾರಣವಿದೆ. ನೀವು ಒಂದು ಅನುಮತಿಯನ್ನು ಹುಡುಕುತ್ತಿದ್ದೀರಿ, ಆದರೆ ಕಾನೂನು ಅನಿಲವನ್ನು ಬೇರೆ, ಅದನ್ನು ಹೊರುವ ಕಬ್ಬಿಣವನ್ನು ಬೇರೆ ಎಂದು ಎಣಿಸುತ್ತದೆ.

1938ರ ನೈಸರ್ಗಿಕ ಅನಿಲ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮುಂಚಿತ ಅನುಮತಿ ಇಲ್ಲದೆ ಯಾರೂ ಅನಿಲವನ್ನು ರಫ್ತು ಅಥವಾ ಆಮದು ಮಾಡುವಂತಿಲ್ಲ. 1977ರಲ್ಲಿ ಇಂಧನ ಇಲಾಖೆ ಹುಟ್ಟಿದ ಮೇಲೆ ಈ ಅಧಿಕಾರ ಎರಡು ಪಾಲಾಯಿತು. ಅನಿಲವೆಂಬ ಸರಕಿನ ರಫ್ತಿಗೆ ಅನುಮತಿ ಕೊಡುವುದು ಇಲಾಖೆಯ ಪಾಲಿಗೆ ಬಂತು, ಗಡಿಯಲ್ಲಿ ಕಟ್ಟುವ ಸೌಕರ್ಯಕ್ಕೆ ಅನುಮತಿ ಕೊಡುವುದು ಫರ್ಕ್‌ನ ಪಾಲಿಗೆ. ಮೊದಲನೆಯದು ಮೆಕ್ಸಿಕೊದ ಮಟ್ಟಿಗೆ ಸಲೀಸು. ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶಕ್ಕೆ ಹೋಗುವ ಅನಿಲವು ಸಾರ್ವಜನಿಕ ಹಿತಕ್ಕೆ ಅನುಗುಣವೆಂದೇ ಭಾವಿಸಿ, ಬದಲಾವಣೆಯಾಗಲಿ ವಿಳಂಬವಾಗಲಿ ಇಲ್ಲದೆ ಅನುಮತಿ ಕೊಡಬೇಕೆಂದು 1992ರ ತಿದ್ದುಪಡಿ ಹೇಳುತ್ತದೆ. ಆದರೆ ಅದೇ ಅನಿಲವನ್ನು ಮೆಕ್ಸಿಕೊದ ಕರಾವಳಿಯಲ್ಲಿ ದ್ರವೀಕರಿಸಿ, ಅಂಥ ಒಪ್ಪಂದವಿಲ್ಲದ ದೇಶಕ್ಕೆ ಹಡಗಿನಲ್ಲಿ ಕಳಿಸುವ ಯೋಜನೆಯಿದ್ದರೆ ಮಾತು ಬೇರೆ. ಅದಕ್ಕೆ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು, ಅಲ್ಲಿ ಸಾರ್ವಜನಿಕ ಹಿತದ ನಿಜವಾದ ಪರಿಶೀಲನೆ ನಡೆಯುತ್ತದೆ. 2024ರ ಜನವರಿ ಕೊನೆಯಲ್ಲಿ ಬೈಡನ್ ಆಡಳಿತ ಹೊಸ ಅರ್ಜಿಗಳನ್ನು ತಡೆಹಿಡಿದದ್ದು ಈ ಎರಡನೆಯ ಬಗೆಯಲ್ಲಿ. ಅದಾಗಿ ಕೆಲವೇ ವಾರಗಳಲ್ಲಿ ಫರ್ಕ್, ಮೆಕ್ಸಿಕೊದ ಸೊನೋರಾ ರಾಜ್ಯದ ದ್ರವೀಕರಣ ಘಟಕಕ್ಕೆ ಅನಿಲ ಒದಗಿಸಲಿರುವ ಸಗ್ವಾರೊ ಕನೆಕ್ಟರ್ ಮಾರ್ಗದ ಗಡಿ ಭಾಗಕ್ಕೆ ಒಪ್ಪಿಗೆ ಕೊಟ್ಟಿತು. ಎಡಗೈ ತಡೆಯುತ್ತಿದ್ದಾಗ ಬಲಗೈ ಕೊಟ್ಟಂತೆ ಕಂಡರೂ ಕಾನೂನಿನ ಕಣ್ಣಿಗೆ ಇವು ಸಂಬಂಧವಿಲ್ಲದ ಎರಡು ಕಡತಗಳು.

ಇನ್ನು ಅಧ್ಯಕ್ಷೀಯ ಪರವಾನಗಿ. ಇದು ಕಾಯ್ದೆಯಿಂದ ಬಂದದ್ದಲ್ಲ. ದೇಶದ ಗಡಿಯಲ್ಲಿ ಏನನ್ನು ಕಟ್ಟಬಹುದೆಂಬುದು ವಿದೇಶಾಂಗ ವಿಷಯವಾದ್ದರಿಂದ ಅದರ ನಿರ್ಧಾರ ಅಧ್ಯಕ್ಷರದು ಎಂಬ ಹಳೆಯ ನಂಬಿಕೆಯ ಫಲ. ಪ್ರತಿ ಬಾರಿಯೂ ಕಡತ ಶ್ವೇತಭವನಕ್ಕೆ ಹೋಗಬಾರದೆಂದು 1953ರ ಸೆಪ್ಟೆಂಬರ್‌ನಲ್ಲಿ ಐಸೆನ್‌ಹೋವರ್ ಕಾರ್ಯಾದೇಶ 10485ರ ಮೂಲಕ ಈ ಅಧಿಕಾರವನ್ನು ಫರ್ಕ್‌ಗಿಂತ ಮುಂಚೆ ಆ ಜಾಗದಲ್ಲಿದ್ದ ಫೆಡರಲ್ ಪವರ್ ಕಮಿಷನ್ನಿಗೆ ವಹಿಸಿಕೊಟ್ಟರು. 1978ರಲ್ಲಿ ಕಾರ್ಟರ್ ಅದನ್ನು ಹೊಸ ವ್ಯವಸ್ಥೆಗೆ ಹೊಂದಿಸಿದರು. ಹಾಗಾಗಿ ಪರವಾನಗಿಯನ್ನು ನೀಡುವುದು ಫರ್ಕ್ ತಾನೇ. ಆದರೆ ಅದಕ್ಕೆ ಮುನ್ನ ವಿದೇಶಾಂಗ ಮತ್ತು ರಕ್ಷಣಾ ಕಾರ್ಯದರ್ಶಿಗಳಿಬ್ಬರ ಸಮ್ಮತಿ ಪಡೆಯಬೇಕು. ಅವರಲ್ಲಿ ಒಬ್ಬರು ಒಪ್ಪದಿದ್ದರೆ ಮಾತ್ರ ಕಡತ ಅಧ್ಯಕ್ಷರ ಮುಂದೆ ಹೋಗುತ್ತದೆ.

3ನೇ ಸೆಕ್ಷನ್‌ನ ಅರ್ಜಿಯನ್ನೂ ಪರವಾನಗಿಯ ಅರ್ಜಿಯನ್ನೂ ಒಟ್ಟಿಗೇ ಸಲ್ಲಿಸುವುದು ರೂಢಿ. ಸಂಸ್ಥೆಯ ಸ್ಥಾಪನಾ ಪತ್ರ, ವಿದೇಶಿ ಸರ್ಕಾರಕ್ಕೆ ಸಂಸ್ಥೆಯಲ್ಲಿ ಪಾಲಿದೆಯೇ ಎಂಬ ಹೇಳಿಕೆ, ವಕೀಲರ ಅಭಿಪ್ರಾಯ, ಪರಿಸರ ವರದಿ, ನಕ್ಷೆ ಇವೆಲ್ಲ ಅನುಬಂಧಗಳಾಗಿ ಹೋಗುತ್ತವೆ. ಆದೇಶ ಬಂದ ಮೇಲೂ ನಿಶ್ಚಿಂತೆಯಿಂದ ಕೂರಬೇಡಿ. ವಿರೋಧಿಸಿದವರು 30 ದಿನಗಳೊಳಗೆ ಮರುವಿಚಾರಣೆ ಕೇಳಬಹುದು, ಅದು ಮುಗಿದ 60 ದಿನಗಳೊಳಗೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು.

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಇಲ್ಲ. ಟೆಕ್ಸಸ್‌ನೊಳಗೇ ಇರುವ ಭಾಗ ರಾಜ್ಯದ ಕಾನೂನಿಗೆ ಒಳಪಡುತ್ತದೆ. 2015ರ ಮೇ ತಿಂಗಳಲ್ಲಿ ಅರ್ಜಿ ಹಾಕಿ 2016ರ ಮೇ ತಿಂಗಳಲ್ಲಿ ಆದೇಶ ಪಡೆದ ಟ್ರಾನ್ಸ್-ಪೇಕೋಸ್ ಮಾರ್ಗವನ್ನೇ ನೋಡಿ. ವಾಹಾದಿಂದ ಪ್ರೆಸಿಡಿಯೊ ಬಳಿಯ ಗಡಿಯವರೆಗೆ ಅದು ಸುಮಾರು 148 ಮೈಲಿ, 42 ಇಂಚು ವ್ಯಾಸದ ಕೊಳವೆ. ಫರ್ಕ್ ಪರಿಶೀಲಿಸಿದ್ದು ನದಿಯ ಬಳಿಯ ಸುಮಾರು 1,100 ಅಡಿಗಳನ್ನು.

ಬಯಲುಸೀಮೆಯವ:

ಮೇಲಿನ ಉತ್ತರ ಕಾನೂನಿನ ಪ್ರಕಾರ ಸರಿಯಾಗಿದೆ. ಆದರೆ ಆ ಕೊನೆಯ ಸಾಲನ್ನು ಅಷ್ಟು ಸಲೀಸಾಗಿ ದಾಟಿ ಹೋಗಬಾರದು. 148 ಮೈಲಿಯ ಮಾರ್ಗದಲ್ಲಿ ಕಾಲು ಮೈಲಿಗೂ ಕಡಿಮೆ ಉದ್ದಕ್ಕೆ ಮಾತ್ರ ಒಕ್ಕೂಟ ಸರ್ಕಾರದ ಪರಿಸರ ಪರಿಶೀಲನೆ ನಡೆಯಿತೆಂದರೆ, ಆ ಮಾರ್ಗ ಹಾದುಹೋಗುವ ಬಿಗ್ ಬೆಂಡ್ ಪ್ರದೇಶದ ಜನ ಸಿಟ್ಟಿಗೆದ್ದದ್ದರಲ್ಲಿ ಆಶ್ಚರ್ಯವೇನು? ಗಡಿಯ ತುಣುಕಿಲ್ಲದೆ ಉಳಿದ ಮಾರ್ಗಕ್ಕೆ ಅರ್ಥವಿಲ್ಲ, ಆದ್ದರಿಂದ ಎಲ್ಲವನ್ನೂ ಒಂದೇ ಯೋಜನೆಯಾಗಿ ನೋಡಬೇಕು ಎಂಬುದು ಅವರ ವಾದ. 2018ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು.

ರಾಜ್ಯದ ಕಡೆಯಿಂದಾದರೂ ಮಾರ್ಗದ ಪರಿಶೀಲನೆ ಆಯಿತೇ ಎಂದರೆ, ಅದೂ ಇಲ್ಲ. ಟೆಕ್ಸಸ್ ರೈಲ್‌ರೋಡ್ ಕಮಿಷನ್, ಹೆಸರಿನಲ್ಲಿ ರೈಲು ಇದ್ದರೂ ಕೆಲಸವೆಲ್ಲ ತೈಲ ಮತ್ತು ಅನಿಲದ್ದು, ಕೊಳವೆ ನಡೆಸಲು ಟಿ-4 ಎಂಬ ಪರವಾನಗಿ ಕೊಡುತ್ತದೆ. ಕೊಳವೆ ಯಾರ ಹೊಲದಲ್ಲಿ ಹೋಗಬೇಕೆಂಬುದನ್ನು ಅದು ನಿರ್ಧರಿಸುವುದಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಂತರರಾಜ್ಯ ಮಾರ್ಗಗಳಿಗೆ 7ನೇ ಸೆಕ್ಷನ್ ಭೂಸ್ವಾಧೀನದ ಅಧಿಕಾರ ಕೊಡುವಂತೆ 3ನೇ ಸೆಕ್ಷನ್ ಕೊಡುವುದಿಲ್ಲ. ಆದರೂ ಜಮೀನು ಸಿಗುತ್ತದೆ, ಏಕೆಂದರೆ ಅನಿಲ ಸಂಸ್ಥೆಗಳಿಗೆ ಆ ಅಧಿಕಾರವನ್ನು ಟೆಕ್ಸಸ್ ಕಾನೂನೇ ಕೊಟ್ಟಿದೆ. ಒಪ್ಪದ ಮಾಲೀಕನ ಪರಿಹಾರವನ್ನು ನ್ಯಾಯಾಧೀಶರು ನೇಮಿಸುವ ಮೂವರು ಸ್ಥಳೀಯ ಭೂಮಾಲೀಕರು ಮೊದಲು ಲೆಕ್ಕ ಹಾಕುತ್ತಾರೆ.

ನಮ್ಮಲ್ಲಿ ದಾಭೋಳ್–ಬೆಂಗಳೂರು ಮಾರ್ಗಕ್ಕೆ ಅನ್ವಯಿಸಿದ 1962ರ ಕಾಯ್ದೆಯಲ್ಲಿ ಭೂಮಿ ರೈತನ ಹೆಸರಿನಲ್ಲೇ ಉಳಿದು ಬಳಕೆಯ ಹಕ್ಕು ಮಾತ್ರ ಹೋಗುತ್ತದೆ, ಅದಕ್ಕೆ ಸಿಗುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10. ಅದು ಉದಾರವೆಂದು ನಾನು ಹೇಳಲಾರೆ. ಆದರೂ ಅಧಿಸೂಚನೆ ಹೊರಟ 21 ದಿನಗಳೊಳಗೆ ಮಾರ್ಗದ ಬಗ್ಗೆಯೇ ತಕರಾರು ಹೇಳಿಕೊಳ್ಳಲು ಒಬ್ಬ ಅಧಿಕಾರಿಯಾದರೂ ಇರುತ್ತಾನೆ.

ಹ್ಯೂಸ್ಟನ್‌ವಾಸಿ:

ಇಬ್ಬರಿಗೂ ಧನ್ಯವಾದಗಳು. ಒಂದು ಅನುಮಾನ ಉಳಿದಿದೆ. ಅಧ್ಯಕ್ಷೀಯ ಪರವಾನಗಿ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಳ್ಳಬಹುದೇ? ಕೆನಡಾದಿಂದ ಬರಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಕೊಳವೆ ಮಾರ್ಗಕ್ಕೆ ಆದದ್ದು ಇದಕ್ಕೂ ಆಗಬಹುದೇ?

ಕಡತಪ್ರಿಯ:

ತಾತ್ತ್ವಿಕವಾಗಿ ಆಗಬಹುದು. ಕೀಸ್ಟೋನ್ ತೈಲದ ಮಾರ್ಗವಾದ್ದರಿಂದ ಅದರ ಕಡತ ಫರ್ಕ್‌ಗೆ ಹೋಗದೆ ವಿದೇಶಾಂಗ ಇಲಾಖೆಗೆ ಹೋಗಿತ್ತು. 2015ರಲ್ಲಿ ತಿರಸ್ಕಾರ, 2017ರಲ್ಲಿ ಒಪ್ಪಿಗೆ, 2019ರಲ್ಲಿ ಸ್ವತಃ ಅಧ್ಯಕ್ಷರ ಸಹಿಯ ಹೊಸ ಪರವಾನಗಿ, 2021ರ ಜನವರಿ 20ರಂದು ಹೊಸ ಅಧ್ಯಕ್ಷರ ಮೊದಲ ದಿನವೇ ರದ್ದು. 1,500 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೇಳಿದ ಸಂಸ್ಥೆಯ ದಾವೆಯನ್ನು, ರದ್ದತಿಯ ಹೊತ್ತಿಗೆ ಉತ್ತರ ಅಮೆರಿಕದ ಹಳೆಯ ಮುಕ್ತ ವ್ಯಾಪಾರ ಒಪ್ಪಂದವಾದ ನಾಫ್ಟಾ ಕೊನೆಗೊಂಡಿತ್ತೆಂಬ ಕಾರಣಕ್ಕೆ ಪಂಚಾಯ್ತಿ ಮಂಡಳಿ 2024ರಲ್ಲಿ ವಜಾ ಮಾಡಿತು. ಅನಿಲದ ಪರವಾನಗಿಗಳು ಇಷ್ಟು ರಾಜಕೀಯಕ್ಕೆ ಸಿಕ್ಕಿಲ್ಲ, ಆದರೂ ರದ್ದತಿಯ ಷರತ್ತು ಅವುಗಳಲ್ಲೂ ಇರುತ್ತದೆ. ನಿಮ್ಮ ಸಾಲದಾತರು ಆ ಷರತ್ತನ್ನು ನಿಮಗಿಂತ ಮೊದಲೇ ಓದಿರುತ್ತಾರೆ.

ಮಾಂಟೆರೆಯ ಕನ್ನಡಿಗ:

ನದಿಯ ಈಚೆಯಿಂದ, ಅಂದರೆ ಮೆಕ್ಸಿಕೊದಿಂದ ಎರಡು ಮಾತು. ಅಮೆರಿಕದ ಅನುಮತಿ ಸಿಕ್ಕರೆ ಅರ್ಧ ಕೊಳವೆ ಸಿಕ್ಕಂತೆ. ಇಲ್ಲಿ ಸಾಗಣೆಯ ಪರವಾನಗಿ ಬೇಕು, ಆಸೆಯಾ ಎಂಬ ಸಂಸ್ಥೆಯ ಪರಿಸರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಬೇಕು, ಮೂಲನಿವಾಸಿಗಳ ಭೂಮಿಯಿದ್ದರೆ ಅವರೊಡನೆ ಸಮಾಲೋಚನೆ ಬೇಕು. ಹಿಂದೆ ಪರವಾನಗಿ ಕೊಡುತ್ತಿದ್ದ ಸಿಆರ್‌ಇ ಎಂಬ ಇಂಧನ ನಿಯಂತ್ರಣ ಆಯೋಗ 2025ರ ಸುಧಾರಣೆಯಲ್ಲಿ ಇಲ್ಲವಾಗಿ ಆ ಜಾಗಕ್ಕೆ ರಾಷ್ಟ್ರೀಯ ಇಂಧನ ಆಯೋಗ ಬಂದಿದೆ, ಆದ್ದರಿಂದ ಹಳೆಯ ಮಾದರಿ ಅರ್ಜಿಗಳನ್ನು ನಂಬಬೇಡಿ. ಸಮಾಲೋಚನೆಯನ್ನು ಕಾಗದದ ಶಾಸ್ತ್ರವೆಂದು ತಿಳಿಯುವವರು ಸೊನೋರಾದ ಗ್ವಾಯ್ಮಾಸ್–ಎಲ್ ಓರೊ ಮಾರ್ಗವನ್ನು ನೆನಪಿಸಿಕೊಳ್ಳಲಿ: ಕಟ್ಟಿ ಮುಗಿದು ಅನಿಲ ಹರಿದ ಮೇಲೆ, ಲೋಮಾ ದೆ ಬಾಕುಮ್‌ನ ಯಾಕಿ ಜನರ ವಿರೋಧದ ನಡುವೆ 2017ರಲ್ಲಿ ಆ ಮಾರ್ಗ ಹಾನಿಗೊಂಡು ನಿಂತುಹೋಯಿತು.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ರಿಯೊ ಗ್ರಾಂಡೆಯ ಅಡಿಯಲ್ಲಿ ಕೊರೆಯಬೇಕಾದರೆ ಎರಡೂ ದೇಶಗಳ ಅಂತರರಾಷ್ಟ್ರೀಯ ಗಡಿ ಮತ್ತು ಜಲ ಆಯೋಗ ನಿಮ್ಮ ವಿನ್ಯಾಸವನ್ನು ನೋಡಬೇಕು. ಈ ನದಿ ಪಾತ್ರ ಬದಲಿಸಿದಾಗೆಲ್ಲ ಗಡಿಯ ತಂಟೆ ಎದ್ದ ಇತಿಹಾಸವಿದೆ, ಹಾಗಾಗಿ ಅವರಿಗೆ ದಡದ ಮಣ್ಣಿನ ಒಂದೊಂದು ಅಡಿಯೂ ಮುಖ್ಯ. ಫರ್ಕ್‌ಗೆ ಕೊಡುವ ಅನುಬಂಧಗಳಲ್ಲಿ, ಗಡಿಯಾಚೆ ಕೊಳವೆ ನಡೆಸುವವರೊಡನೆ ಮಾಡಿಕೊಂಡ ನಿರ್ಮಾಣ ಮತ್ತು ನಿರ್ವಹಣೆಯ ಒಪ್ಪಂದದ ಪ್ರತಿಯೂ ಒಂದು. ಆ ಒಪ್ಪಂದದಲ್ಲಿರುವ ಜೋಡಣೆಯ ಬಿಂದು, ಗಡಿ ಆಯೋಗಕ್ಕೆ ಕೊಟ್ಟ ನಕ್ಷೆಯ ಬಿಂದು, ಇಲ್ಲಿನ ಪರವಾನಗಿಯಲ್ಲಿರುವ ಬಿಂದು, ಈ ಮೂರೂ ಒಂದೇ ಇವೆಯೇ ಎಂದು ಅರ್ಜಿ ಹಾಕುವ ಮುನ್ನ ನೀವೇ ಕೂತು ಅಳತೆ ಹಾಕಿ ನೋಡಿ. ಅಡಿ ಮತ್ತು ಮೀಟರ್‌ಗಳ ನಡುವಿನ ಪರಿವರ್ತನೆಯನ್ನು ಎರಡು ಸಲ ನೋಡಿ.