ಒಳ್ಳೆಯ ಆಟಗಾರ್ತಿಯರಿದ್ದೂ ಅಂಕ ಬಾರದಿರುವುದೇಕೆ? – ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ – ತಂಡದ ಹೊಣೆ ಹೊತ್ತ ಅಧ್ಯಾಪಕ, ಕಾಸರಗೋಡು

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಕನ್ನಡ ಅಧ್ಯಾಪಕ. ವಿದ್ಯಾರ್ಥಿನಿಯರ ಬಾಸ್ಕೆಟ್‌ಬಾಲ್ ತಂಡವನ್ನು ಅಂತರ ಕಾಲೇಜು ಪಂದ್ಯಗಳಿಗೆ ಕರೆದೊಯ್ಯುವ ಹೊಣೆ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆಟದ ಒಳಹೊರಗು ತಿಳಿದವನು ನಾನಲ್ಲವಾದರೂ, ಬೆಂಚಿನ ತುದಿಯಲ್ಲಿ ಕುಳಿತು ಸ್ಕೋರ್ ಬರೆಯುತ್ತ ಬಂದಿರುವುದರಿಂದ ಒಂದು ಸಂದೇಹ ಬಲವಾಗುತ್ತಿದೆ.

ಶಾಲಾ ಮಟ್ಟದಲ್ಲೇ ಹೆಸರು ಮಾಡಿದ ಮೂವರು ನಮ್ಮ ತಂಡದಲ್ಲಿದ್ದಾರೆ. ಒಬ್ಬಳು ಚೆಂಡನ್ನು ನೆಲಕ್ಕೆ ಪುಟಿಸಿ ಡ್ರಿಬಲ್ ಮಾಡುತ್ತ ಯಾರನ್ನಾದರೂ ದಾಟಿ ಹೋಗಬಲ್ಲಳು. ಇನ್ನೊಬ್ಬಳು ಮೂರು ಅಂಕದ ಗೆರೆಯ ಹೊರಗಿನಿಂದ ಚೆನ್ನಾಗಿ ಹೊಡೆಯುತ್ತಾಳೆ. ಮತ್ತೊಬ್ಬಳಿಗೆ ಒಳ್ಳೆಯ ಎತ್ತರವಿದೆ. ಎದುರಾಳಿ ತಂಡಗಳಲ್ಲಿ ಇಂಥವರು ಒಬ್ಬರಿದ್ದರೆ ಹೆಚ್ಚು. ಹಾಗಿದ್ದರೂ ಮೊದಲ ಹತ್ತು ನಿಮಿಷ ಮುನ್ನಡೆಯಲ್ಲಿರುವ ನಾವು ಎರಡನೆಯ ಕ್ವಾರ್ಟರಿನಿಂದ ಅಂಕಕ್ಕಾಗಿ ಪರದಾಡುತ್ತೇವೆ. ಚೆಂಡು ಅರ್ಧ ಅಂಗಣ ದಾಟಿ ಬರುತ್ತದೆ, ಮೂವರಲ್ಲಿ ಒಬ್ಬಳ ಕೈ ಸೇರುತ್ತದೆ, ಉಳಿದವರು ಅವಳನ್ನೇ ನೋಡುತ್ತ ನಿಲ್ಲುತ್ತಾರೆ. ಹೊಡೆಯಲು ನಿಯಮ ಕೊಡುವ 24 ಸೆಕೆಂಡು ಮುಗಿಯುತ್ತ ಬಂದಾಗ ಇಬ್ಬರು ಎದುರಾಳಿಗಳ ಚಾಚಿದ ಕೈಗಳ ಮೇಲಿಂದ ಅವಳು ಹೇಗೋ ಚೆಂಡನ್ನು ಎಸೆಯುತ್ತಾಳೆ. ನಮ್ಮ ದೈಹಿಕ ಶಿಕ್ಷಣದ ಸಹೋದ್ಯೋಗಿಗಳ ಪ್ರಕಾರ ಮೂವರು ಸಾಲದು, ಐವರೂ ಅದೇ ಮಟ್ಟದವರಿರಬೇಕು, ಮುಂದಿನ ವರ್ಷದ ಕ್ರೀಡಾ ಕೋಟಾದಲ್ಲಿ ಅಂಥವರನ್ನು ಹುಡುಕಬೇಕು. ನನಗಾದರೋ ಇದು ಪ್ರತಿಭೆಯ ಕೊರತೆಯೆಂದು ಅನ್ನಿಸುವುದಿಲ್ಲ. ಇರುವ ಪ್ರತಿಭೆಯನ್ನು ಒಂದು ದಾಳಿಯಾಗಿ ಹೆಣೆಯಲು ನಮಗೆ ಬರುತ್ತಿಲ್ಲ ಎಂದೇ ಅನ್ನಿಸುತ್ತದೆ.

ಬಲ್ಲವರು ಏನೆನ್ನುತ್ತೀರಿ? ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಸಂಜೆಯ ಬಸ್ಸು ಹಿಡಿಯಲೇಬೇಕಾಗಿರುವುದರಿಂದ ಅಭ್ಯಾಸಕ್ಕೆ ನಮಗೆ ಸಿಗುವ ಸಮಯ ತೀರ ಕಡಿಮೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸಬೇಕೆಂದು ವಿನಂತಿ.

ಉತ್ತರ – ಮಾಜಿ ಆಟಗಾರ್ತಿ, ಮಂಜೇಶ್ವರ

ಸರ್, ತಾವು ಬರೆದ ಒಂದು ವಾಕ್ಯದಲ್ಲಿಯೇ ಕಾರಣ ಇದೆ: ಉಳಿದವರು ಅವಳನ್ನೇ ನೋಡುತ್ತ ನಿಲ್ಲುತ್ತಾರೆ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಮಾತಾಡುವಾಗ ಮಿಕ್ಕವರು ಕೈಕಟ್ಟಿ ಕುಳಿತರೆ ಪ್ರಸಂಗಕ್ಕೇನೂ ಕೊರತೆಯಾಗುವುದಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಹಾಗೆ ನಿಂತರೆ ನಿಂತವಳು ಎದುರಾಳಿಗೆ ಸಹಾಯ ಮಾಡಿದಂತೆಯೇ. ಏಕೆಂದರೆ ಚಲಿಸದವಳನ್ನು ಕಾಯಬೇಕಾದ ಹುಡುಗಿಗೆ ಬೇರೆ ಕೆಲಸವಿರುವುದಿಲ್ಲ, ಆಕೆ ನಿಶ್ಚಿಂತೆಯಿಂದ ಚೆಂಡಿನ ಕಡೆಗೆ ಬಂದು ನಿಮ್ಮ ಡ್ರಿಬಲ್ ಮಾಡುವವಳ ಎದುರು ಎರಡನೆಯ ಗೋಡೆಯಾಗುತ್ತಾಳೆ.

ಮುಂದಿನ ಪಂದ್ಯದಲ್ಲಿ ಸ್ವಲ್ಪ ಹೊತ್ತು ಚೆಂಡನ್ನು ನೋಡದೆ, ಚೆಂಡಿಲ್ಲದ ನಾಲ್ವರ ಕಾಲುಗಳನ್ನು ನೋಡಿ. ಅಂಗಣದ ಅಗಲ 15 ಮೀಟರ್. ಅದರಲ್ಲಿ ಎಷ್ಟನ್ನು ನಿಮ್ಮವರು ಬಳಸುತ್ತಿದ್ದಾರೆ? ನನ್ನ ಅಂದಾಜಿನಲ್ಲಿ ಎತ್ತರದ ಹುಡುಗಿ ಬುಟ್ಟಿಯ ಬಳಿ ಕೈಯೆತ್ತಿ ನಿಂತಿರುತ್ತಾಳೆ, ದೂರದಿಂದ ಹೊಡೆಯುವವಳು ಚೆಂಡು ಬೇಕೆಂದು ಗೆರೆಯಿಂದ ಎರಡು ಹೆಜ್ಜೆ ಒಳಗೆ ಬಂದಿರುತ್ತಾಳೆ. ಹೀಗಾದಾಗ ಒಬ್ಬಳೇ ರಕ್ಷಕಿ ಇಬ್ಬರನ್ನು ಕಾಯಬಲ್ಲಳು. ದೂರದಿಂದ ಹೊಡೆಯುವ ಆ ಹುಡುಗಿ ಮೂಲೆಯಲ್ಲಿ, ಮೂರು ಅಂಕದ 6.75 ಮೀಟರಿನ ಕಮಾನು ಬದಿಗೆರೆಗೆ ಹತ್ತಿರವಾಗುವಲ್ಲಿ ಹಿಮ್ಮಡಿ ಊರಿ ನಿಂತರೆ, ಅವಳನ್ನು ಕಾಯುವವಳು ಬುಟ್ಟಿಯ ಕಡೆಗೆ ಸಹಾಯಕ್ಕೆ ಹೋಗಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆ ಒಂದು ಕ್ಷಣವೇ ಲೇ-ಅಪ್, ಅಂದರೆ ಬುಟ್ಟಿಯ ಬಳಿಗೇ ಓಡಿ ಹಾಕುವ ಸುಲಭದ ಹೊಡೆತ.

ಸಮಯದ ಲೆಕ್ಕವೂ ಇದೆ. ಅರ್ಧ ಅಂಗಣ ದಾಟಲು ನಿಯಮ ಕೊಡುವ 8 ಸೆಕೆಂಡುಗಳನ್ನು ಪೂರ್ತಿ ಬಳಸಿದರೆ ಉಳಿಯುವುದು 16 ಮಾತ್ರ. ಅದರಲ್ಲಿ ಐದಾರು ಸೆಕೆಂಡು ಯಾರಿಗೆ ಪಾಸ್ ಕೊಡುವುದೆಂದು ನೋಡುತ್ತ ಡ್ರಿಬಲ್ ಮಾಡುವುದರಲ್ಲೇ ಹೋದರೆ, ಕೊನೆಗೆ ತಾವು ಹೇಳಿದಂಥ ಹೊಡೆತವಲ್ಲದೆ ಬೇರೇನೂ ಸಿಗದು. ನಾವು ಆಡುತ್ತಿದ್ದಾಗ ನಮ್ಮ ಕೋಚ್ ಮೊದಲ ಪಾಸ್ ತಡವಾದರೆ ಆಟ ನಿಲ್ಲಿಸಿ ಎಲ್ಲರನ್ನೂ ಗೆರೆಯಿಂದ ಗೆರೆಗೆ ಓಡಿಸುತ್ತಿದ್ದರು. ಶಾಪ ಹಾಕುತ್ತಲೇ ಓಡುತ್ತಿದ್ದೆವು, ಆದರೆ ಚೆಂಡು ಮಾತ್ರ ಬೇಗ ಕೈಬದಲಾಗುತ್ತಿತ್ತು.

ಉತ್ತರ – ಕುಂಬಳೆಯವನು, ಈಗ ಬೆಂಗಳೂರಿನಲ್ಲಿ

ಅಧ್ಯಾಪಕರ ಅನುಮಾನಕ್ಕೆ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಒಳ್ಳೆಯ ಸಾಕ್ಷ್ಯಗಳಿವೆ. 2015ರಲ್ಲಿ ಕೆಂಟಕಿ ತಂಡ ಒಂದೂ ಪಂದ್ಯ ಸೋಲದೆ, 38 ಗೆಲುವುಗಳೊಂದಿಗೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲಿಗೆ ಬಂದಿತ್ತು. ಅದರ ಆರು ಮಂದಿ ಅದೇ ವರ್ಷ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎ ತಂಡಗಳಿಗೆ ಆಯ್ಕೆಯಾದರು. ಕಾರ್ಲ್-ಆಂಥನಿ ಟೌನ್ಸ್ ಮೊದಲನೆಯ ಆಯ್ಕೆ. ಅಷ್ಟು ಪ್ರತಿಭೆಯಿದ್ದ ಆ ತಂಡ, ವಿಸ್ಕಾನ್ಸಿನ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಮುಂದಿದ್ದಾಗ, ಹೊಡೆತವನ್ನೇ ಹೊಡೆಯಲಾಗದೆ ಸತತವಾಗಿ ಮೂರು ಬಾರಿ ಶಾಟ್ ಕ್ಲಾಕ್ (ಹೊಡೆತಕ್ಕಿರುವ ಸಮಯ) ಮೀರಿ ಚೆಂಡನ್ನು ಕಳೆದುಕೊಂಡಿತು. ಅವರಿಗೆ ಆಗ ಸಿಗುತ್ತಿದ್ದುದು 24 ಸೆಕೆಂಡಲ್ಲ, 35. ಸಿಕ್ಕ ಅವಕಾಶದಲ್ಲಿ ವಿಸ್ಕಾನ್ಸಿನ್ ಮುಂದೆ ಹೋಗಿ 71–64ರಿಂದ ಗೆದ್ದಿತು. ಮರುವರ್ಷದಿಂದ ಅಲ್ಲಿನ ಪುರುಷರ ಆಟಕ್ಕೆ 30 ಸೆಕೆಂಡಿನ ನಿಯಮ ಬಂತು.

ಅದಕ್ಕೂ ಹಳೆಯದು 1996ರ ಪ್ರಿನ್ಸ್‌ಟನ್. ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಆ ವಿಶ್ವವಿದ್ಯಾಲಯದ ತಂಡ, ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್ಎಯನ್ನು 43–41ರಿಂದ ಮೊದಲ ಸುತ್ತಿನಲ್ಲೇ ಮನೆಗೆ ಕಳುಹಿಸಿತು. ಗೆಲುವಿನ ಬುಟ್ಟಿ ಬಂದದ್ದು ಕೋಚ್ ಪೀಟ್ ಕ್ಯಾರಿಲ್ ವರ್ಷಗಟ್ಟಲೆ ಕಲಿಸಿದ ಒಂದೇ ಚಲನೆಯಿಂದ: ಪಾಸ್ ತಡೆಯಲು ರಕ್ಷಕ ಮುಂದೆ ಬಾಗಿದ ಕೂಡಲೇ ಆಟಗಾರ ಅವನ ಬೆನ್ನ ಹಿಂದಿನಿಂದ ಬುಟ್ಟಿಯತ್ತ ಓಡಿದ, ನೆಲಕ್ಕೆ ಪುಟಿಸಿ ಕೊಟ್ಟ ಪಾಸ್ ಕೈಗೆ ಬಂತು, ಲೇ-ಅಪ್ ಆಯಿತು. ಆದುದರಿಂದ ನನ್ನ ಮತ ಅಧ್ಯಾಪಕರಿಗೆ.

ಉತ್ತರ – ತರಬೇತುದಾರ, ಹೊಸದುರ್ಗ

ಕುಂಬಳೆಯವರು ಹೇಳಿದ ಎರಡೂ ಪಂದ್ಯಗಳು ನಿಜ, ಆದರೆ ಅವರು ಕಥೆಯನ್ನು ತಮಗೆ ಬೇಕಾದಲ್ಲಿ ನಿಲ್ಲಿಸಿದ್ದಾರೆ. ಯುಸಿಎಲ್ಎಯನ್ನು ಸೋಲಿಸಿದ ಪ್ರಿನ್ಸ್‌ಟನ್ ಮುಂದಿನ ಸುತ್ತಿನಲ್ಲಿಯೇ ಮಿಸಿಸಿಪ್ಪಿ ಸ್ಟೇಟ್ ಎದುರು 63–41ರಿಂದ ಸೋತಿತು. ವಿಸ್ಕಾನ್ಸಿನ್ನಿನ ಫ್ರ್ಯಾಂಕ್ ಕಮಿನ್ಸ್ಕಿಯೂ ಬಡಪಾಯಿಯಲ್ಲ. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರ, ಎನ್‌ಬಿಎಯ ಒಂಬತ್ತನೆಯ ಆಯ್ಕೆ. ಹೊಂದಾಣಿಕೆಯಿಂದ ಒಂದು ಪಂದ್ಯ ಗೆಲ್ಲಬಹುದು, ಟೂರ್ನಿ ಗೆಲ್ಲಲು ಆಟಗಾರರೂ ಬೇಕು.

ಆದರೂ ನನ್ನ ಆಕ್ಷೇಪ ಅದಲ್ಲ. ಪ್ರತಿಭೆಯೆಂದರೆ ಅಂಕ ಗಳಿಸುವುದು ಮಾತ್ರವೆಂದು ನಾವು ಎಣಿಸುವುದರಿಂದ ಈ ಪ್ರಶ್ನೆಯೇ ತಪ್ಪಾಗಿ ಎರಡು ಹೋಳಾಗಿದೆ. ಓಡುತ್ತಲೇ ಚೆಂಡು ಹಿಡಿದು ಎಡಗೈಯಿಂದ ಸರಿಯಾದ ಎತ್ತರಕ್ಕೆ ಪಾಸ್ ಕೊಡುವುದು ಪ್ರತಿಭೆಯಲ್ಲವೇ? ಸಂಗಾತಿಗೆ ದಾರಿಯಾಗಲೆಂದು ಎದುರಾಳಿಗೆ ಅಡ್ಡವಾಗಿ ಸ್ಕ್ರೀನ್ ಹಿಡಿದು ಅಲುಗಾಡದೆ ನಿಲ್ಲುವುದಕ್ಕೂ ದೇಹಬಲ, ಬುದ್ಧಿ ಎರಡೂ ಬೇಕು. ಅಧ್ಯಾಪಕರ ತಂಡದ ಉಳಿದಿಬ್ಬರು ಹುಡುಗಿಯರ ಬಗ್ಗೆ ಪ್ರಶ್ನೆಯಲ್ಲಿ ಒಂದು ಮಾತೂ ಇಲ್ಲದಿರುವುದನ್ನು ಗಮನಿಸಿ. ಬಹುಶಃ ಅಭ್ಯಾಸದಲ್ಲೂ ಹಾಗೆಯೇ ಇರಬಹುದು. ಪಾಸ್ ಪಡೆದವಳು ಚೆಂಡನ್ನು ಕೈತಪ್ಪಿಸುವಳೆಂಬ ಭಯವಿದ್ದರೆ ಯಾವ ಹುಡುಗಿ ತಾನೇ ಚೆಂಡು ಬಿಡುತ್ತಾಳೆ? ಒಬ್ಬಳೇ ಆಡುತ್ತಾಳೆಂದು ಬೈಯುವ ಮೊದಲು ಅವಳ ಎದುರು ಯಾವ ಆಯ್ಕೆ ಇತ್ತೆಂದು ನೋಡಬೇಕು.

ಸ್ಕೋರ್ ಬರೆಯುವ ಕೆಲಸ ತಮ್ಮದೇ ಆಗಿರುವುದರಿಂದ ಒಂದು ಉಪಾಯ ಹೇಳುತ್ತೇನೆ. ಅಂಕಗಳ ಜೊತೆಗೆ ನಾಲ್ಕು ಸಂಗತಿ ಬರೆದಿಡಿ: ಹೊಡೆತಗಳು, ತಾವೇ ಹಿಡಿದ ಆಕ್ರಮಣದ ರಿಬೌಂಡುಗಳು (ಗುರಿ ತಪ್ಪಿ ಮರಳಿದ ಚೆಂಡುಗಳು), ಟರ್ನೋವರುಗಳು (ಹೊಡೆಯದೆಯೇ ಚೆಂಡು ಕಳೆದುಕೊಂಡದ್ದು), ಫ್ರೀ ಥ್ರೋಗಳು (ಫೌಲಿಗಾಗಿ ಸಿಗುವ ತಡೆಯಿಲ್ಲದ ಹೊಡೆತಗಳು). ಹೊಡೆತಗಳಿಂದ ರಿಬೌಂಡ್ ಕಳೆದು, ಟರ್ನೋವರ್ ಕೂಡಿಸಿ, ಫ್ರೀ ಥ್ರೋಗಳ ಸುಮಾರು ಅರ್ಧದಷ್ಟನ್ನು ಸೇರಿಸಿದರೆ ಚೆಂಡು ಎಷ್ಟು ಸಲ ನಿಮ್ಮದಾಯಿತೆಂಬ ಅಂದಾಜು ಸಿಗುತ್ತದೆ. ಅಮೆರಿಕದ ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಮುಂತಾದವರು ಬಳಕೆಗೆ ತಂದ ಲೆಕ್ಕವಿದು. ಊಹೆಗೆ ಒಂದು ಪಂದ್ಯ ತೆಗೆದುಕೊಳ್ಳೋಣ: 60 ಹೊಡೆತ, 10 ರಿಬೌಂಡ್, 20 ಟರ್ನೋವರ್, 20 ಫ್ರೀ ಥ್ರೋ ಎಂದರೆ 80 ಸಲ ಚೆಂಡು ಬಂದಂತೆ. ಅಂಕ 64 ಆದರೆ ಸಲಕ್ಕೆ 0.8. ನೋಡುವವರಿಗೆ ಹುಡುಗಿಯರ ಗುರಿ ಕೆಟ್ಟಿದೆ ಅನ್ನಿಸುತ್ತದೆ. ನಿಜವಾಗಿ ನಾಲ್ಕರಲ್ಲೊಂದು ಸಲ ಹೊಡೆತವೇ ಆಗಿಲ್ಲ. ಉಳಿದ 60 ಸಲಗಳಲ್ಲಿ ಸಲಕ್ಕೆ ಒಂದಕ್ಕಿಂತ ಹೆಚ್ಚೇ ಅಂಕ ಬಂದಿದೆ. ಎಂಟು ಟರ್ನೋವರ್ ಉಳಿಸಿದರೂ ಎಂಟು ಅಂಕ ಹೆಚ್ಚು. ಹೊಸ ಆಟಗಾರ್ತಿಯನ್ನು ಕೋಟಾದಲ್ಲಿ ತರುವುದಕ್ಕಿಂತ ಇದು ಸುಲಭ. ತಮ್ಮ ಪುಸ್ತಕದಲ್ಲಿ ಟರ್ನೋವರ್ ಕಡಿಮೆಯಿದ್ದು, ಬುಟ್ಟಿಯ ಬಳಿಯ ತೆರೆದ ಹೊಡೆತಗಳೂ ತಪ್ಪುತ್ತಿವೆಯೆಂದು ಕಂಡುಬಂದರೆ, ಆಗ ತಮ್ಮ ಸಹೋದ್ಯೋಗಿಗಳ ಮಾತಿಗೆ ನಾನೂ ತಲೆಬಾಗುತ್ತೇನೆ.

ಅಭ್ಯಾಸದ ಸಮಯದ ವಿಚಾರ. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸಿಮೆಂಟಿನ ಅಂಗಣದಲ್ಲಿ ಪಾಚಿ ಹಿಡಿದು ಕಾಲಿಡುವಂತಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೂ ಎರಡು ಮಳೆಗೆ ಮತ್ತೆ ಅದೇ ಜಾರು. ಆ ದಿನಗಳಲ್ಲಿ ಸಭಾಂಗಣದ ಕುರ್ಚಿ ಸರಿಸಿ ಮೂವರಿಗೆ ಮೂವರಂತೆ ಡ್ರಿಬಲ್ ಇಲ್ಲದ ಆಟ ಆಡಿಸಿ. ಬುಟ್ಟಿಯೂ ಬೇಡ, ಹತ್ತು ಪಾಸ್ ಆದರೆ ಒಂದು ಅಂಕ. ಡ್ರಿಬಲ್ ಮಾಡುವಂತಿಲ್ಲದಾಗ ಚೆಂಡಿಲ್ಲದವಳು ಓಡಲೇಬೇಕಾಗುತ್ತದೆ. ಆಕ್ರಮಣದ ಯೋಜನೆಗಳು ಎರಡಿದ್ದರೆ ಸಾಕು, ಮತ್ತು ಅವುಗಳಿಗೆ ಬೆರಳ ಸನ್ನೆ ಇರಲಿ. ತುಳು, ಮಲಯಾಳ, ಕನ್ನಡ ಎಲ್ಲ ಬೆರೆತ ತಂಡಕ್ಕೆ ಗದ್ದಲದಲ್ಲಿ ಅದೇ ಅನುಕೂಲ.

ಪ್ರತಿಕ್ರಿಯೆ – ವಿದ್ಯಾರ್ಥಿನಿ, ಬದಿಯಡ್ಕ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಬೇರೆ ಕಾಲೇಜಿನ ತಂಡದಲ್ಲಿ ಆಡುತ್ತೇನೆ. ಹೊಸದುರ್ಗದ ಸರ್ ಹೇಳಿದ ‘ಉಳಿದಿಬ್ಬರಲ್ಲಿ’ ನಾನೂ ಒಬ್ಬಳೆಂದು ಇಟ್ಟುಕೊಳ್ಳಿ. ಸ್ಕ್ರೀನ್ ಹಿಡಿದು ಮೊಣಕೈ ಪೆಟ್ಟು ತಿನ್ನುವವಳ ಹೆಸರು ಮರುದಿನದ ವರದಿಯಲ್ಲಿ ಎಂದಿಗೂ ಬರುವುದಿಲ್ಲ, ಮನೆಯವರು ಕೇಳುವುದೂ ಎಷ್ಟು ಅಂಕ ಹೊಡೆದೆಯೆಂದು ಮಾತ್ರ. ಆದ್ದರಿಂದ ಚೆಂಡು ಸಿಕ್ಕಿದಾಗ ನಾನೂ ಒಮ್ಮೆ ಹೊಡೆದುಬಿಡೋಣವೆಂಬ ಆಸೆ ಬರುವುದು ಸುಳ್ಳಲ್ಲ. ನನ್ನದೊಂದು ಪ್ರಶ್ನೆ: ನಾವು ಎದುರಿಸುವ ತಂಡಗಳಲ್ಲಿ ಹೆಚ್ಚಿನವು 2–3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ತಂತಮ್ಮ ಜಾಗವನ್ನಷ್ಟೇ ಕಾಯುವ ರಕ್ಷಣೆ) ಹಾಕಿ ಬುಟ್ಟಿಯ ಸುತ್ತ ಕುಳಿತುಬಿಡುತ್ತವೆ. ಅಲ್ಲಿ ಓಡಿದರೂ ಹಿಂಬಾಲಿಸುವವರಿಲ್ಲ. ಆಗ ಏನು ಮಾಡುವುದು?

ಉತ್ತರ – ಮಾಜಿ ಆಟಗಾರ್ತಿ, ಮಂಜೇಶ್ವರ

ತಂಗೀ, ಝೋನಿನ ದುರ್ಬಲ ಜಾಗ ಫ್ರೀ ಥ್ರೋ ಗೆರೆಯ ನಡುಭಾಗ. ಮುಂದಿನ ಇಬ್ಬರ ಬೆನ್ನ ಹಿಂದೆ, ಹಿಂದಿನ ಮೂವರ ಮುಂದೆ ಇರುವ ಆ ಜಾಗ ಯಾರ ಪಾಲಿಗೂ ಪೂರ್ತಿ ಸೇರಿರುವುದಿಲ್ಲ. ಒಳ್ಳೆಯ ಪಾಸ್ ಕೊಡಬಲ್ಲವಳು ಅಲ್ಲಿ ನಿಲ್ಲಬೇಕು. ಅವಳು ಅತಿ ಎತ್ತರದವಳೋ ಅತಿ ಹೆಚ್ಚು ಅಂಕ ಹೊಡೆಯುವವಳೋ ಆಗಬೇಕಾಗಿಲ್ಲ. ಅಲ್ಲಿಗೆ ಚೆಂಡು ಬಂದ ಕೂಡಲೇ ತಿರುಗಿ ಬುಟ್ಟಿಯನ್ನು ನೋಡಿದರೆ ಹಿಂದಿನ ಸಾಲಿನ ನಡುವಿನವಳು ಮುಂದೆ ಬರಲೇಬೇಕು. ಬಂದರೆ ಬುಟ್ಟಿಯ ಹಿಂದಿನ ಬೇಸ್‌ಲೈನಿನಲ್ಲಿ ಕಾಯುತ್ತಿರುವವಳಿಗೆ ಪಾಸ್, ಬಾರದಿದ್ದರೆ ಅಲ್ಲಿಂದಲೇ ಹೊಡೆತ. ಪಾಸ್ ಕೊಡುವ ಮೊದಲು ಬೇರೆ ಕಡೆ ಕೊಡುವಂತೆ ಒಮ್ಮೆ ತೋರಿಸು, ಝೋನಿನವರೆಲ್ಲ ಚೆಂಡನ್ನೇ ನೋಡುತ್ತಿರುವುದರಿಂದ ಅತ್ತ ಒಂದು ಹೆಜ್ಜೆ ಇಟ್ಟೇ ಇಡುತ್ತಾರೆ.

ಅಧ್ಯಾಪಕರೇ, ತಮ್ಮ ಎತ್ತರದ ಹುಡುಗಿಯನ್ನು ಬುಟ್ಟಿಯ ಕೆಳಗಿನಿಂದ ತೆಗೆದು ಒಂದು ಕ್ವಾರ್ಟರ್ ಈ ಜಾಗದಲ್ಲಿ ನಿಲ್ಲಿಸಿ ನೋಡಿ. ಅವಳಿಗೆ ಪಾಸ್ ಕೈಗೂಡದಿದ್ದರೆ ತಾವು ಹೆಸರೆತ್ತದ ಆ ಇಬ್ಬರಲ್ಲಿ ಒಬ್ಬಳನ್ನು ನಿಲ್ಲಿಸಿ, ಯಾರು ನಿಂತಾಗ ಟರ್ನೋವರ್ ಎಷ್ಟಾಯಿತೆಂದು ಬೇರೆಬೇರೆಯಾಗಿ ಬರೆದು ಇಲ್ಲಿ ಹಾಕಿ. ಆ ಲೆಕ್ಕ ಕೈಯಲ್ಲಿದ್ದರೆ ಕೋಟಾದ ಮಾತನ್ನೂ ಆಮೇಲೆ ಆಡಬಹುದು.